ಪೊಟ್ಯಾಸಿಯಂ ಸೋರುತ್ತಿದೆಯೇ? ಕೆಟ್ಟ ಟ್ರಾನ್ಸ್‌ಪೋರ್ಟರ್ ಹುಡುಕುವ ಬಗೆ

ಟ್ರಾನ್ಸ್‌ಪೋರ್ಟರ್ ಎಂದರೆ ಕಿಡ್ನಿ ನಳಿಕೆಗಳಲ್ಲಿ ಲವಣ ಸಾಗಿಸುವ ಪ್ರೋಟೀನ್. ರಕ್ತದ ಪೊಟ್ಯಾಸಿಯಂ ಲೀಟರಿಗೆ 3.5 ಮಿಲಿಇಕ್ವಿವಲೆಂಟ್‌ಗಿಂತ ಕೆಳಗಿದ್ದು, ಮಾತ್ರೆ ಕೊಟ್ಟರೂ ಏರದಿದ್ದರೆ ಡೋಸ್ ಹೆಚ್ಚಿಸುವ ಮುನ್ನ ಮೂತ್ರ ಪರೀಕ್ಷಿಸಿ. 24 ಗಂಟೆ ಮೂತ್ರ ಕೂಡಿಡುವ ರಗಳೆ ಸಾಮಾನ್ಯವಾಗಿ ಬೇಡ, ಒಂದು ಸಲದ ಮಾದರಿ ಸಾಕು. 2.5ಕ್ಕಿಂತ ಕಡಿಮೆಯಿದ್ದರೆ, ಇಸಿಜಿ ಬದಲಾಗಿದ್ದರೆ ಅಥವಾ ಸ್ನಾಯು ಸೋತಿದ್ದರೆ ಮಾತ್ರ ಚಿಕಿತ್ಸೆ ಮೊದಲು, ಹುಡುಕಾಟ ಆಮೇಲೆ.

ಮೂತ್ರದಲ್ಲಿ ಪೊಟ್ಯಾಸಿಯಂ, ಕ್ಲೋರೈಡ್, ಕ್ಯಾಲ್ಸಿಯಂ, ಕ್ರಿಯಾಟಿನಿನ್ ಕೇಳಿ. ರಕ್ತದಲ್ಲಿ ಬೈಕಾರ್ಬೊನೇಟ್, ಮೆಗ್ನೀಸಿಯಂ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಪೊಟ್ಯಾಸಿಯಂ 13 ಮಿಲಿಇಕ್ವಿವಲೆಂಟ್ ದಾಟಿದ್ದರೆ ಸೋರಿಕೆ ಕಿಡ್ನಿಯದೇ. ಬೈಕಾರ್ಬೊನೇಟ್ ಕಡಿಮೆಯಿದ್ದರೆ ರೀನಲ್ ಟ್ಯೂಬ್ಯುಲರ್ ಆಸಿಡೋಸಿಸ್ (ಕಿಡ್ನಿ ನಳಿಕೆಗಳ ದೋಷದಿಂದ ರಕ್ತದಲ್ಲಿ ಆಮ್ಲ ಹೆಚ್ಚುವ ಸ್ಥಿತಿ) ಕಡೆ ಹೊರಳಿ, ಆ ದಾರಿಯೇ ಬೇರೆ.

ಬೈಕಾರ್ಬೊನೇಟ್ ಹೆಚ್ಚಿದ್ದು ಬಿಪಿ ಸರಿಯಿದ್ದರೆ ಮೂತ್ರದ ಕ್ಲೋರೈಡ್ ನೋಡಿ. ಲೀಟರಿಗೆ 20 ಮಿಲಿಇಕ್ವಿವಲೆಂಟ್‌ಗಿಂತ ಕಡಿಮೆಯಿದ್ದರೆ ವಾಂತಿಯನ್ನು ಶಂಕಿಸಿ, ರೋಗಿ ಹೇಳದಿದ್ದರೂ ಸರಿ. ಇಲ್ಲಿ ಮೂತ್ರದ ಸೋಡಿಯಂ ನಂಬಬೇಡಿ: ಹೊರಹೋಗುವ ಬೈಕಾರ್ಬೊನೇಟ್ ಅದನ್ನೂ ಎಳೆದೊಯ್ಯುತ್ತದೆ. ಕ್ಲೋರೈಡ್ 40 ದಾಟಿದ್ದರೆ ಮೂತ್ರದ ಕ್ಯಾಲ್ಸಿಯಂ ದಾರಿ ತೋರಿಸುತ್ತದೆ.

ಕಿಡ್ನಿ ನಳಿಕೆಯ ಬಾಗಿದ ಭಾಗವಾದ ಹೆನ್ಲೆ ಕುಣಿಕೆಯ ದಪ್ಪ ಏರುಭಾಗದಲ್ಲಿ ಎನ್‌ಕೆಸಿಸಿ2 (ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಸಾಗಿಸುವ ಟ್ರಾನ್ಸ್‌ಪೋರ್ಟರ್) ಒಳಗೆಳೆದ ಪೊಟ್ಯಾಸಿಯಂ ರೋಮ್‌ಕೆ ಎಂಬ ಪೊಟ್ಯಾಸಿಯಂ ಚಾನೆಲ್‌ನಿಂದ ನಳಿಕೆಗೆ ಮರಳುತ್ತದೆ. ಇದರಿಂದ ನಳಿಕೆಯೊಳಗೆ ಧನ ವಿದ್ಯುತ್ ಉಳಿದು, ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕೋಶಗಳ ನಡುವಿನಿಂದ ರಕ್ತದತ್ತ ತಳ್ಳುತ್ತದೆ. ಎನ್‌ಕೆಸಿಸಿ2 ನಿಂತರೆ ಈ ಒತ್ತಡವೂ ಹೋಗುತ್ತದೆ. ಹಾಗಾಗಿ ಮೂತ್ರದ ಕ್ಯಾಲ್ಸಿಯಂ ಹೆಚ್ಚಿದ್ದರೆ ಎನ್‌ಕೆಸಿಸಿ2 ತಡೆಯುವ ಡೈಯುರೆಟಿಕ್ (ಮೂತ್ರ ಹೆಚ್ಚಿಸುವ ಔಷಧ) ಫ್ಯೂರೋಸೆಮೈಡ್ ಇಲ್ಲವೇ ಈ ಭಾಗದ ಹುಟ್ಟು ದೋಷವಾದ ಬಾರ್ಟರ್ ಸಿಂಡ್ರೋಮ್. ಕ್ಯಾಲ್ಸಿಯಂ ತೀರ ಕಡಿಮೆಯಿದ್ದು ರಕ್ತದ ಮೆಗ್ನೀಸಿಯಂ ಕೂಡ ಇಳಿದಿದ್ದರೆ ಮುಂದಿನ ಭಾಗದ ಸೋಡಿಯಂ-ಕ್ಲೋರೈಡ್ ಟ್ರಾನ್ಸ್‌ಪೋರ್ಟರ್ ಎನ್‌ಸಿಸಿ ಕೆಟ್ಟಿದೆ: ಅದನ್ನು ತಡೆಯುವ ಡೈಯುರೆಟಿಕ್ ಥಯಜೈಡ್ ಇಲ್ಲವೇ ಅದರ ಹುಟ್ಟು ದೋಷವಾದ ಗಿಟೆಲ್ಮನ್ ಸಿಂಡ್ರೋಮ್. ಗೆರೆ ಇಷ್ಟು ನೇರವಾಗಿಯೇ ಇರುತ್ತದೆಂದು ನೆಚ್ಚಬೇಡಿ. ಮೂರನೇ ಬಗೆಯ ಬಾರ್ಟರ್ ಕೆಲವೊಮ್ಮೆ ಗಿಟೆಲ್ಮನ್‌ನಂತೆಯೇ ಕಾಣುತ್ತದೆ.

ಬಿಪಿ ಹೆಚ್ಚಿದ್ದರೆ ಉಪ್ಪು, ಬಿಪಿಗಳನ್ನು ನಿಯಂತ್ರಿಸುವ ರೆನಿನ್, ಆಲ್ಡೊಸ್ಟಿರೋನ್ ಅಳೆಸಿ. ಎರಡೂ ಕಡಿಮೆಯಿದ್ದರೆ ಲಿಡಲ್ ಸಿಂಡ್ರೋಮ್ ಎಂಬ ಆನುವಂಶಿಕ ರೋಗ ನೆನಪಿರಲಿ. ಅಲ್ಲಿ ಸೋಡಿಯಂ ಒಳಗೆಳೆಯುವ ಈನ್ಯಾಕ್ ಚಾನೆಲ್ ಹಾರ್ಮೋನಿನ ಹಂಗಿಲ್ಲದೆ ಕೆಲಸಮಾಡುವುದರಿಂದ ಆಲ್ಡೊಸ್ಟಿರೋನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ನಾಟುವುದಿಲ್ಲ, ಚಾನೆಲನ್ನೇ ಮುಚ್ಚುವ ಅಮಿಲೊರೈಡ್ ನಾಟುತ್ತದೆ.

ಹೆಚ್ಚಿನವರು ಎಡವುವುದು ಮೆಗ್ನೀಸಿಯಂನಲ್ಲಿ. ಕೋಶದೊಳಗಿನ ಮೆಗ್ನೀಸಿಯಂ ರೋಮ್‌ಕೆ ಬಾಯಿಗೆ ಬಿರಡೆಯಂತೆ ಕೂತಿರುತ್ತದೆ. ಅದು ಕಡಿಮೆಯಾದರೆ ಕೊಟ್ಟ ಪೊಟ್ಯಾಸಿಯಂ ಮೂತ್ರದಲ್ಲೇ ಹೊರಟುಹೋಗುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ತುಂಬಿಸಿ.

ಡೈಯುರೆಟಿಕ್ ಪ್ರಭಾವ ಇಳಿದ ಮೇಲೆ ತೆಗೆದ ಮಾದರಿಯಲ್ಲಿ ಕ್ಲೋರೈಡ್ ಕಡಿಮೆ ಬಂದು ವಾಂತಿಯೆಂದು ಭ್ರಮೆ ಹುಟ್ಟಿಸುತ್ತದೆ. ಬೇರೆ ಬೇರೆ ಹೊತ್ತಿನ ಮಾದರಿಗಳಲ್ಲಿ ಕ್ಲೋರೈಡ್ ಏರಿಳಿದರೆ ಮೂತ್ರವನ್ನು ಡೈಯುರೆಟಿಕ್ ಪರೀಕ್ಷೆಗೆ ಕಳಿಸಿ. ಜೀನ್ ಪರೀಕ್ಷೆ ಅದಾದ ಮೇಲೆ.