ಉಬ್ಬಸದ ಮಗುವಿನ ಕುತ್ತಿಗೆ ಊದಿದರೆ ಏನು ಮಾಡಬೇಕು

ನಾನು ವಿಜಯಪುರದಲ್ಲಿ ಮಕ್ಕಳ ವಾರ್ಡಿನ ನರ್ಸ್. ಜೋಳದ ರಾಶಿ ಶುರುವಾದರೆ ದೂಳಿಗೆ ಉಬ್ಬಸ ಕೆರಳಿದ ಮಕ್ಕಳು ಬರುತ್ತಾರೆ. ಅಪರೂಪಕ್ಕೆ ಒಂದು ಮಗುವಿನ ಕುತ್ತಿಗೆಯೂ ಊದಿರುತ್ತದೆ. ಮನೆಯವರು ಮಂಗನಬಾವು ಅಂದುಕೊಂಡಿರುತ್ತಾರೆ.

ಜೋರು ಕೆಮ್ಮು, ಏದುಸಿರಿನ ಒತ್ತಡಕ್ಕೆ ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಒಡೆಯಬಹುದು. ಸೋರಿದ ಗಾಳಿ ಎದೆಯ ನಡುವಿನಿಂದ ಕುತ್ತಿಗೆಯ ಚರ್ಮದ ಕೆಳಗೆ ಏರುತ್ತದೆ. ಮೆಲ್ಲಗೆ ಬೆರಳಿಟ್ಟು ನೋಡಿ. ಚುರುಮುರಿ ಚೀಲ ಒತ್ತಿದ ಹಾಗೆ ಚರಚರ ಅಂದರೆ ಅದು ಗಾಳಿ ಇರಬಹುದು. ತಿಕ್ಕಬೇಡಿ, ಬಿಸಿ ಎಣ್ಣೆ ಹಚ್ಚಬೇಡಿ. ಒಮ್ಮೆಲೇ ಎದೆನೋವು ಬಂದರೆ, ದನಿ ಬದಲಾದರೆ, ನುಂಗಲು ನೋವಾದರೆ ಅವೂ ಸುಳಿವೇ.

ಮಗುವನ್ನು ಕೂರಿಸಿ, ಮಲಗಿಸಬೇಡಿ. ಉಸಿರುನಾಳ ಸಡಿಲಿಸುವ ಸಾಲ್ಬುಟಮಾಲ್ ಪಂಪನ್ನು (ಇನ್ಹೇಲರ್) ಡಾಕ್ಟರ್ ಹೇಳಿದಷ್ಟು, ಸ್ಪೇಸರ್ ಅನ್ನುವ ಕೊಳವೆ ಹಚ್ಚಿ ಕೊಡಿ. 108ಕ್ಕೆ ಫೋನ್ ಮಾಡಿ. ತುಟಿ ನೀಲಿಯಾಗಿದ್ದರೆ, ಮಾತಾಡಲು ಉಸಿರು ಸಾಲದಿದ್ದರೆ ಹತ್ತಿರದ ಆಸ್ಪತ್ರೆಗೇ ಹೋಗಿ, ದೊಡ್ಡದನ್ನು ಹುಡುಕುತ್ತಾ ಕೂರಬೇಡಿ. ಕುತ್ತಿಗೆ ಊದಿದ್ದನ್ನು ಬಾಗಿಲಲ್ಲೇ ಹೇಳಿಬಿಡಿ.

ಎಕ್ಸ್‌ರೇಯಲ್ಲಿ ಗಾಳಿ ಎಲ್ಲಿದೆ ಅಂತ ಗೊತ್ತಾಗುತ್ತದೆ. ಎದೆಯ ನಡುವೆ, ಚರ್ಮದ ಕೆಳಗೆ ಮಾತ್ರ ಇದ್ದರೆ ಸಾಮಾನ್ಯವಾಗಿ ಆಕ್ಸಿಜನ್, ಉಬ್ಬಸದ ಔಷಧಿ, ವಿಶ್ರಾಂತಿಯಲ್ಲೇ ಕರಗುತ್ತದೆ. ಶ್ವಾಸಕೋಶದ ಸುತ್ತ ತುಂಬಿ ಅದನ್ನು ಅದುಮುತ್ತಿದ್ದರೆ ಎದೆಗೆ ನಳಿಕೆ ಹಾಕಬೇಕಾಗಬಹುದು. ಆಗ ತಡಮಾಡದೆ ಒಪ್ಪಿಕೊಳ್ಳಿ.

ಮನೆಗೆ ಹೋದ ಮೇಲೆ ಡಾಕ್ಟರ್ ಹೇಳುವವರೆಗೆ ಬಲೂನು, ಪೀಪಿ ಊದುವುದು ಬೇಡ. ಪಂಪಿಗೆ ಮಗು ಅಂಟಿಕೊಳ್ಳುತ್ತದೆ ಅಂತ ಯಾರೋ ಹೇಳಿದರೆ, ಸುಮ್ನೆ ಡಾಕ್ಟರ್ ದಿನಾ ಕೊಡಲು ಹೇಳಿದ ಪಂಪ್ ನಿಲ್ಲಿಸಬೇಡಿ.