ಹಳೆ ಕೆಲಸಕ್ಕೂ ಗೇಜ್ ಹಿಡಿದು ನೋಡಿದೆ

ಪೀಣ್ಯದ ಒಂದು ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ನನಗೆ ಹನ್ನೊಂದನೇ ವರ್ಷ ನಡೆಯುತ್ತಿತ್ತು. ಡಿಪ್ಲೊಮಾ ಮುಗಿಸಿ ಟ್ರೈನಿಯಾಗಿ ಸೇರಿದವನು 2023ರ ಹೊತ್ತಿಗೆ ಸೀನಿಯರ್ ಎಂಜಿನಿಯರ್ ಆಗಿದ್ದೆ. ಸಂಬಳ ಏಳನೇ ತಾರೀಖು ದಾಟಿದ್ದೇ ಇಲ್ಲ. ದಾಸರಹಳ್ಳಿಯ ಮನೆಯಿಂದ ಬೈಕಲ್ಲಿ ಹದಿನೈದು ನಿಮಿಷ. ಕ್ಯಾಂಟೀನ್ ಊಟ ಹತ್ತು ರೂಪಾಯಿ, ದೀಪಾವಳಿಗೆ ಒಂದು ತಿಂಗಳ ಬೇಸಿಕ್‌ನಷ್ಟು ಎಕ್ಸ್‌ಗ್ರೇಷಿಯಾ. ಇಂಥ ಜಾಗ ಬಿಡುತ್ತೀನಿ ಅಂದರೆ ಯಾರಾದರೂ ಬೈಯುವವರೇ. ಅಷ್ಟರಲ್ಲಿ ದೇವನಹಳ್ಳಿ ಏರೋಸ್ಪೇಸ್ ಪಾರ್ಕಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಹೊಸ ಕಂಪನಿಯೊಂದರಿಂದ ಆಫರ್ ಬಂತು. ವರ್ಷಕ್ಕೆ 9 ಲಕ್ಷ ಸಿಟಿಸಿ, ಅಂದರೆ ಕಂಪನಿ ನನ್ನ ಮೇಲೆ ಮಾಡುವ ಒಟ್ಟು ಖರ್ಚು.

9 ಲಕ್ಷವನ್ನು ಹನ್ನೆರಡರಿಂದ ಭಾಗಿಸಿ 75 ಸಾವಿರ ಅಂತ ಮನೆಯಲ್ಲಿ ಹೇಳಿಬಿಡುವವರು ಬಹಳ ಜನ. ನಾನು ಎಚ್‌ಆರ್ ಹತ್ತಿರ ಬ್ರೇಕಪ್ ಕೇಳಿ ತರಿಸಿಕೊಂಡೆ. ಅದರಲ್ಲಿ ವೇರಿಯಬಲ್ ಪೇ 90,000. ಕಂಪನಿ ಕಟ್ಟುವ ಪಿಎಫ್, ತಿಂಗಳ ಬೇಸಿಕ್ 30,000ದ ಮೇಲೆ ಶೇ. 12ರಂತೆ, 43,200. ಗ್ರ್ಯಾಚ್ಯುಟಿ (ಐದು ವರ್ಷ ದುಡಿದವರಿಗೆ ಬಿಡುವಾಗ ಕೊಡುವ ಇಡುಗಂಟು) ಹೆಸರಲ್ಲಿ ಬೇಸಿಕ್‌ನ ಶೇ. 4.81, ಅಂದರೆ 17,316. ವಿಮೆಯ ಪ್ರೀಮಿಯಂ 12,000. ಇಷ್ಟನ್ನೂ ಕಳೆದು ಹನ್ನೆರಡರಿಂದ ಭಾಗಿಸಿದರೆ 61,457. ಅದರಲ್ಲಿ ನನ್ನ ಪಾಲಿನ ಪಿಎಫ್ 3,600, ವೃತ್ತಿ ತೆರಿಗೆ 200 ಹೋದರೆ ಕೈಗೆ ಬರುವುದು 57 ಸಾವಿರದ ಚಿಲ್ಲರೆ. ಹಳೆ ಕಡೆ ಕೈಗೆ 48 ಸಾವಿರ ಬರುತ್ತಿತ್ತು. ವ್ಯತ್ಯಾಸ 9 ಸಾವಿರ. ದೀಪಾವಳಿ ಹಣವನ್ನು ಹನ್ನೆರಡು ತಿಂಗಳಿಗೆ ಹಂಚಿ ಕಳೆದರೆ 7 ಸಾವಿರ. ಹೆಬ್ಬಾಳದಿಂದ ಕಂಪನಿ ಬಸ್ಸಿದೆ, ಅಲ್ಲಿಯವರೆಗಿನ ಪೆಟ್ರೋಲು ಮತ್ತು ಪಾರ್ಕಿಂಗ್ ತೆಗೆದರೆ 5 ಸಾವಿರ. ವೇರಿಯಬಲ್ ಹಣವನ್ನು ನಾನು ಸೊನ್ನೆ ಅಂತಲೇ ಹಿಡಿದೆ. ಅದು ಬಂದ ವರ್ಷ ಬಂದ ಹಾಗೆ. ಅದನ್ನು ನಂಬಿ ಇಎಂಐ ಕಟ್ಟಲು ಆಗದು.

5 ಸಾವಿರಕ್ಕೋಸ್ಕರ ದಿನಾ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಹೋಗಿ ಬರುವುದು, ಅದೂ ಹೆಬ್ಬಾಳದ ಫ್ಲೈಓವರ್ ದಾಟಿಕೊಂಡು, ಯಾವ ಲೆಕ್ಕಕ್ಕೂ ಬರುವುದಿಲ್ಲ. ದುಡ್ಡಿನ ಮಾತು ಅಷ್ಟಕ್ಕೇ ಮುಗಿಯಿತು. ಅದರ ಮೇಲೆ ಅಮ್ಮನ ವಿಮೆ ಬೇರೆ. ಅಮ್ಮನಿಗೆ 64, ಸಕ್ಕರೆ ಕಾಯಿಲೆ, ಮಂಡಿ ನೋವು. ಹಳೆ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ತಂದೆತಾಯಿಗೂ ಜಾಗವಿತ್ತು, ಮೊದಲ ದಿನದಿಂದಲೇ ಎಲ್ಲ ಕಾಯಿಲೆಗೂ. ಹೊಸ ಕಡೆ ಹೆಂಡತಿ ಮಕ್ಕಳಿಗೆ ಮಾತ್ರ. ಹೊರಗೆ ಹೊಸ ಪಾಲಿಸಿ ಕೊಂಡರೆ ಮೊದಲೇ ಇರುವ ಕಾಯಿಲೆಗೆ ಆಗ ನಾಲ್ಕು ವರ್ಷದ ತನಕ ಕಾಯಿಸಬಹುದಿತ್ತು. 2024ರಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಅದನ್ನು ಗರಿಷ್ಠ ಮೂರು ವರ್ಷಕ್ಕೆ ಇಳಿಸಿತು. ಸಂಬಳದ ಸ್ಲಿಪ್ಪಿನಲ್ಲಿ ಎಲ್ಲೂ ಕಾಣದ ಈ ಒಂದು ಸಾಲು ನನಗೆ 5 ಸಾವಿರಕ್ಕಿಂತ ದೊಡ್ಡದಾಗಿತ್ತು.

ಹೀಗಿದ್ದೂ ಆಫರನ್ನು ಪಕ್ಕಕ್ಕಿಡಲು ಮನಸ್ಸು ಬರಲಿಲ್ಲ. ನಾವು ಮಾಡುತ್ತಿದ್ದದ್ದು ಡೀಸೆಲ್ ಎಂಜಿನ್ನಿನ ಇಂಧನ ಪಂಪಿಗೆ ಹೋಗುವ ಬಿಡಿಭಾಗಗಳು. 2020ರ ಏಪ್ರಿಲ್ 1ರಂದು ವಾಹನದ ಹೊಗೆಗೆ ಬಿಗಿ ಮಿತಿ ಹಾಕುವ ಬಿಎಸ್-6 ನಿಯಮ ಬಂತು, ಅದೇ ಹೊತ್ತಿಗೆ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಟ್ರಾಕ್ಟರು, ಲಾರಿ ಇರುವತನಕ ನಮಗೆ ಕೆಲಸ ಇದೆ ಅಂತ ಮೀಟಿಂಗಿನಲ್ಲಿ ಹೇಳುತ್ತಿದ್ದರು. ಸುಳ್ಳೇನಲ್ಲ. ಆದರೆ ಎಷ್ಟು ಜನಕ್ಕೆ ಕೆಲಸ ಅಂತ ಯಾರೂ ಹೇಳುತ್ತಿರಲಿಲ್ಲ.

ಹೊಸ ಕಂಪನಿ ಉಳಿಯುತ್ತಾ ಅಂತ ನೋಡಲು ಹೊರಟವನು ನಾನು. ಅದಕ್ಕೆ ನನಗೆ ಸಿಕ್ಕಿದ್ದು ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒದ ವೆಬ್‌ಸೈಟು. ಅದರಲ್ಲಿ ಎಸ್ಟಾಬ್ಲಿಷ್‌ಮೆಂಟ್ ಸರ್ಚ್ ಅಂತ ಒಂದು ಪುಟವಿದೆ; ಲಾಗಿನ್ ಬೇಡ. ಕಂಪನಿ ಹೆಸರು ಹಾಕಿ ಪೇಮೆಂಟ್ ವಿವರ ತೆಗೆದರೆ ಯಾವ ತಿಂಗಳ ಪಿಎಫ್ ಯಾವ ತಾರೀಖಿಗೆ ಕಟ್ಟಿದ್ದಾರೆ, ಎಷ್ಟು ಮೊತ್ತ, ಎಷ್ಟು ಜನರ ಲೆಕ್ಕದಲ್ಲಿ, ಎಲ್ಲಾ ಸಾಲಾಗಿ ಬರುತ್ತದೆ. ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕೈಯಲ್ಲಿ ದುಡ್ಡಿಲ್ಲದ ಕಂಪನಿ ಮೊದಲು ತಡಮಾಡುವ ಬಾಕಿಗಳಲ್ಲಿ ಇದೂ ಒಂದು. ಸಂಬಳ ತಡವಾದರೆ ಗಲಾಟೆಯಾಗುತ್ತದೆ, ಪಿಎಫ್ ತಡವಾದರೆ ಕಾರ್ಮಿಕನಿಗೆ ಗೊತ್ತೂ ಆಗುವುದಿಲ್ಲ. ಹೊಸ ಕಂಪನಿಯದು ಎಲ್ಲ ತಿಂಗಳೂ 15ರೊಳಗೇ ಇತ್ತು, ಜನರ ಸಂಖ್ಯೆ ಏರುತ್ತಿತ್ತು.

ಇದೇ ಪುಟದಲ್ಲಿ ನಮ್ಮ ಕಂಪನಿಯ ಹೆಸರನ್ನೂ ಹಾಕಿದೆ. ತಾರೀಖುಗಳಲ್ಲಿ ಒಂದೂ ತಪ್ಪಿರಲಿಲ್ಲ. ಜನರ ಸಂಖ್ಯೆ ಮಾತ್ರ ಮೂರ್ನಾಲ್ಕು ವರ್ಷದಿಂದ ಮೆಲ್ಲಗೆ ಇಳಿಯುತ್ತಾ ಬಂದಿತ್ತು. ಯಾರನ್ನೂ ತೆಗೆದಿರಲಿಲ್ಲ. ನಿವೃತ್ತರಾದವರ ಜಾಗ, ಬಿಟ್ಟು ಹೋದವರ ಜಾಗ ತುಂಬಿರಲಿಲ್ಲ, ಅಷ್ಟೇ. ಒಂದು ಎಚ್ಚರ: ಗುತ್ತಿಗೆ ಕಾರ್ಮಿಕರ ಪಿಎಫ್ ಗುತ್ತಿಗೆದಾರನ ಕೋಡಿನಲ್ಲಿ ಹೋಗುತ್ತದೆ, ಹಾಗಾಗಿ ಸಂಖ್ಯೆ ಇಳಿದ ಮಾತ್ರಕ್ಕೆ ಕೆಲಸ ಇಳಿದಿದೆ ಎನ್ನಲಾಗದು. ನಮ್ಮಲ್ಲಿ ಗುತ್ತಿಗೆಯವರೂ ಕಮ್ಮಿಯಾಗಿದ್ದನ್ನು ನಾನೇ ಕ್ಯಾಂಟೀನಿನಲ್ಲಿ ಕಂಡಿದ್ದೆ. ಎರಡನೇ ಶಿಫ್ಟಿನಲ್ಲಿ ಅರ್ಧ ಮಷೀನು ನಿಂತಿರುತ್ತಿದ್ದವು, ಓಟಿ ಅನ್ನುವ ಮಾತೇ ನಿಂತುಹೋಗಿತ್ತು. ಕಣ್ಣೆದುರೇ ಇದ್ದ ಈ ಸಂಗತಿಗಳನ್ನು ಒಂದು ಕಾಗದದ ಮೇಲೆ ಬರೆದು ನೋಡುವ ಯೋಚನೆ ಆಫರ್ ಬರುವ ತನಕ ಬಂದಿರಲಿಲ್ಲ. ಹೊರಗಿಂದ ಬಂದ ಮಾಲನ್ನು ಮೈಕ್ರೊಮೀಟರ್ ಹಿಡಿದು ಅಳೆದು, ಒಳಗಿನದನ್ನು ಕಣ್ಣಳತೆಯಲ್ಲಿ ಪಾಸ್ ಮಾಡುವ ಇನ್‌ಸ್ಪೆಕ್ಟರನ್ನು ನಾವೇ ಆಡಿಟ್‌ನಲ್ಲಿ ಹಿಡಿದು ನಿಲ್ಲಿಸುತ್ತೇವೆ.

ಮಾವನಿಗೆ ಈ ಪಟ್ಟಿ ತೋರಿಸಿದೆ. ಅವರು ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಿಂದ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡವರು. ಸರ್ಕಾರಿ ಕಾರ್ಖಾನೆ ಎನ್‌ಜಿಇಎಫ್ ಮುಚ್ಚಿದ್ದನ್ನೂ, 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದನ್ನೂ ಕಂಡ ತಲೆಮಾರು. ಬಿಡಬೇಡ ಅಂತ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಓದಿ ಕನ್ನಡಕ ತೆಗೆದು, "ನೋಡಪ್ಪಾ, ನಮ್ಮಲ್ಲೂ ಮೊದಲು ಹೊಸಬರನ್ನ ತಗೊಳ್ಳೋದು ನಿಲ್ಸಿದ್ರು. ಆಮೇಲೆ ಓಟಿ ಹೋಯ್ತು. ಆಮೇಲೆ ರಿಪೇರಿಗೆ ಬೇಕಾದ ಸ್ಪೇರ್ ಬರೋದು ನಿಲ್ತು. ಸಂಬಳಕ್ಕೆ ಕೈ ಹಾಕಿದ್ದು ಎಲ್ಲದಕ್ಕಿಂತ ಕೊನೇಗೆ. ನಾವು ಸಂಬಳ ಒಂದನ್ನೇ ನೋಡ್ಕೊಂಡು ಕೂತಿದ್ವಿ," ಅಂದರು. ನಮ್ಮಲ್ಲಿ ಸ್ಪೇರ್ ಬರುತ್ತಿತ್ತು. ಹಾಗಾಗಿ ಇನ್ನೂ ಐದಾರು ವರ್ಷ ಏನೂ ಆಗದು ಅಂತ ನನ್ನ ಅಂದಾಜು. ತೊಂದರೆ ಏನೆಂದರೆ, ಐದಾರು ವರ್ಷದ ಮೇಲೆ ನನಗೆ 38 ದಾಟಿರುತ್ತದೆ, ಕೈಯಲ್ಲಿರುವ ಅನುಭವ ಪೂರ್ತಿ ಡೀಸೆಲ್ ಪಂಪಿನದು.

ಕೆಲಸದ ವಿಷಯದಲ್ಲಿ ಎರಡರ ನಡುವೆ ಇದ್ದ ಅಂತರವನ್ನೂ ಹೇಳಬೇಕು. ವಾಹನದ ಬಿಡಿಭಾಗದಲ್ಲಿ ನಾವು ನಡೆಯುವುದು ಐಎಟಿಎಫ್ 16949 ಎಂಬ ಗುಣಮಟ್ಟದ ನಿಯಮದಂತೆ. ಸಾವಿರಗಟ್ಟಲೆ ಒಂದೇ ಪೀಸು, ಅಳತೆಯ ಏರಿಳಿತ ತೋರಿಸುವ ಎಸ್‌ಪಿಸಿ ಚಾರ್ಟು, ಗ್ರಾಹಕರ ಒಪ್ಪಿಗೆಗೆ ಪಿಪಿಎಪಿ ಫೈಲು. ವಿಮಾನದ ಕಡೆ ಅಂಥದೇ ನಿಯಮ ಎಎಸ್ 9100. ಒಂದೊಂದು ಬ್ಯಾಚು ಚಿಕ್ಕದು, ಆದರೆ ಪ್ರತಿ ಪೀಸಿಗೂ ಕಚ್ಚಾ ಲೋಹ ಯಾವ ಹೀಟಿನದು (ಯಾವ ಸಲ ಕರಗಿಸಿದ್ದು) ಎಂಬಲ್ಲಿಂದ ಹಿಡಿದು ಕಾಗದ ಇರಬೇಕು. ಹೊಸ ಪಾರ್ಟ್ ಶುರುವಾದಾಗ ಡ್ರಾಯಿಂಗಿನ ಒಂದೊಂದು ಅಳತೆಗೂ ನಂಬರ್ ಹಾಕಿ ಫಸ್ಟ್ ಆರ್ಟಿಕಲ್ ರಿಪೋರ್ಟ್ ಬರೆಯಬೇಕು. ಅಳತೆ ಯಂತ್ರ ಸಿಎಂಎಂ ಗೊತ್ತಿರುವವನಿಗೆ ಕಲಿಯಲು ಕಷ್ಟವಲ್ಲ. ಆದರೆ ಕಲಿಯಲು 32ನೇ ವಯಸ್ಸಿನಲ್ಲಿ ಸಿಗುವ ತಾಳ್ಮೆ 40ರಲ್ಲಿ ಯಾರೂ ನಮಗೆ ಕೊಡುವುದಿಲ್ಲ. ನಾನೇ ಇಂಟರ್‌ವ್ಯೂ ತಗೊಂಡಾಗ ವಯಸ್ಸಾದವರಿಗೆ ಕೊಟ್ಟಿದ್ದಿಲ್ಲ.

ಒಪ್ಪುವ ಮೊದಲು ಶಾಪ್‌ಫ್ಲೋರ್ ನೋಡಬೇಕು ಅಂತ ಕೇಳಿದೆ. ಎಚ್‌ಆರ್‌ಗೆ ಸ್ವಲ್ಪ ಆಶ್ಚರ್ಯವಾಯಿತು, ಆದರೆ ಒಳಗೆ ಬಿಟ್ಟರು. ಕ್ವಾಲಿಟಿಯವರಿಗೆ ಒಂದು ಅನುಕೂಲ, ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ. ಅಳತೆಯ ಗೇಜುಗಳನ್ನು ಕೊನೆಗೆ ಪರೀಕ್ಷಿಸಿದ್ದು ಯಾವಾಗ ಅಂತ ಅವುಗಳ ಮೇಲಿನ ಕ್ಯಾಲಿಬ್ರೇಷನ್ ಸ್ಟಿಕ್ಕರಿನ ತಾರೀಖು ನೋಡಿದೆ. ಕೆಂಪು ರಿಜೆಕ್ಷನ್ ಬಿನ್ ನೋಡಿದೆ. ಪೂರ್ತಿ ಖಾಲಿ ಇದ್ದರೆ ನನಗೆ ಅನುಮಾನ, ಇಲ್ಲಿ ಟ್ಯಾಗ್ ಹಾಕಿದ ಪೀಸುಗಳಿದ್ದವು. ಟಾಯ್ಲೆಟ್ ನೋಡಿದೆ. ನನ್ನ ಜೊತೆ ಬಂದಿದ್ದ ಮ್ಯಾನೇಜರಿಗೆ ಒಂದೇ ಪ್ರಶ್ನೆ ಕೇಳಿದೆ: ಈ ಸೀಟಿನಲ್ಲಿ ನನಗಿಂತ ಮೊದಲು ಯಾರಿದ್ದರು, ಈಗೆಲ್ಲಿದ್ದಾರೆ? ಹೊಸದಾಗಿ ಮಾಡಿದ ಸೀಟು ಅಂದರು. ಅದನ್ನು ಹೊರಗೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಇಬ್ಬರು ಆಪರೇಟರುಗಳ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡೆ. ಸಂಬಳ ಯಾವ ತಾರೀಖಿಗೆ, ಭಾನುವಾರ ಎಷ್ಟು ಸಲ ಕರೀತಾರೆ ಅಂತಲೂ ಅಲ್ಲೇ ಗೊತ್ತಾಯಿತು. ಭಾನುವಾರದ ಉತ್ತರ ಅಷ್ಟು ಚೆನ್ನಾಗಿರಲಿಲ್ಲ. ಡಿಸ್ಪ್ಯಾಚ್ ಇರುವ ತಿಂಗಳು ಎರಡು ಭಾನುವಾರ ಹೋಗುತ್ತವಂತೆ. ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ತಾಣದಲ್ಲಿ ಕಂಪನಿಯ ಸಾಲದ ಚಾರ್ಜುಗಳನ್ನೂ (ಸಾಲಕ್ಕೆ ಅಡವಿಟ್ಟ ಆಸ್ತಿಯ ದಾಖಲೆ) ನೋಡಿದೆ. ಮಷೀನುಗಳ ಮೇಲೆ ಬ್ಯಾಂಕ್ ಸಾಲ ಇತ್ತು, ಹೊಸ ಕಾರ್ಖಾನೆಗೆ ಅದು ಸಹಜ. ಬ್ಯಾಲೆನ್ಸ್ ಶೀಟ್ ನನಗೆ ಅಷ್ಟಾಗಿ ಅರ್ಥವಾಗುವುದಿಲ್ಲ, ಹೆಂಡತಿಯ ಅಣ್ಣ ಅಕೌಂಟೆಂಟ್, ಅವನಿಗೆ ಕೊಟ್ಟೆ.

ಹೆಂಡತಿ ಕೇಳಿದ್ದು ಎರಡೇ. "ರೀ, ಅಮ್ಮನ ವಿಮೆ ಏನು ಮಾಡ್ತೀರಿ? ಭಾನುವಾರ ನೀವಿಲ್ಲದಿದ್ರೆ ಮಗೂನ್ನ ಇಟ್ಕೊಂಡು ನಾನೇನು ಮಾಡ್ಲಿ?" ಎರಡನೆಯದಕ್ಕೆ ಈಗಲೂ ಪೂರ್ತಿ ಉತ್ತರವಿಲ್ಲ. ಮೊದಲನೆಯದಕ್ಕೆ ಎರಡು ದಾರಿ ಹಿಡಿದೆ. ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ಕಾದ ಅವಧಿಯ ಲೆಕ್ಕವೂ ಸಿಗುತ್ತದೆ. ಆದರೆ ಕೆಲಸ ಬಿಡುವ ಮೊದಲೇ ಅರ್ಜಿ ಹಾಕಬೇಕು, ಕೊಡುವುದು ಬಿಡುವುದು ಆರೋಗ್ಯ ತಪಾಸಣೆಯ ಮೇಲೆ ಅವರ ತೀರ್ಮಾನ. ಅದರ ವಿವರ ತರಿಸಿಟ್ಟುಕೊಂಡು ಹೊಸ ಎಚ್‌ಆರ್ ಜೊತೆ ಕೂತೆ. ಸಂಬಳ ಏರಿಸಿ ಅಂತ ಕೇಳಲಿಲ್ಲ. ನನ್ನ ಖರ್ಚಿನಲ್ಲಿ ತಾಯಿಯನ್ನು ನಿಮ್ಮ ಗ್ರೂಪ್ ಪಾಲಿಸಿಗೆ ಸೇರಿಸಿ, ಪ್ರೀಮಿಯಂ ಸಂಬಳದಲ್ಲಿ ಹಿಡಿದುಕೊಳ್ಳಿ ಅಂದೆ. ವಾರ ಬಿಟ್ಟು ಒಪ್ಪಿದರು, ಅದನ್ನು ಆಫರ್ ಲೆಟರಿನಲ್ಲೇ ಬರೆಸಿಕೊಂಡೆ. ಕೈಗೆ ಬರುವ ಸಂಬಳದಲ್ಲಿ ಹೆಚ್ಚಳ ಅನ್ನುವುದು ಅಲ್ಲಿಗೆ ಹೆಚ್ಚುಕಮ್ಮಿ ಇಲ್ಲವಾಯಿತು. ಅಲ್ಲಿಗೆ ಹೋಗುವುದಾದರೆ ಕಲಿಕೆಗೆ ಮಾತ್ರ ಹೋಗುತ್ತಿದ್ದೇನೆ ಎನ್ನುವುದೂ ನಿಚ್ಚಳವಾಯಿತು. ಹೋಗಲು ತೀರ್ಮಾನಿಸಿದ್ದು ಆ ದಿನ.

ರಾಜೀನಾಮೆಯನ್ನು ಮಾತ್ರ ತಕ್ಷಣ ಕೊಡಲಿಲ್ಲ. ಗ್ರ್ಯಾಚ್ಯುಟಿ ಲೆಕ್ಕ ಆಗ ಹೀಗಿತ್ತು: ಕೊನೆಯ ಬೇಸಿಕ್ ಮತ್ತು ಡಿಎ ಮೊತ್ತವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ಒಂದು ವರ್ಷದ್ದು. ನನ್ನ ಬೇಸಿಕ್ 28,600, ಹಾಗಾಗಿ ವರ್ಷಕ್ಕೆ 16,500. ಕೊನೆಯ ವರ್ಷದಲ್ಲಿ ಆರು ತಿಂಗಳು ಮೀರಿದರೆ ಅದನ್ನು ಪೂರ್ತಿ ವರ್ಷ ಎಂದು ಹಿಡಿಯುತ್ತಾರೆ. ನನಗೆ ಆರು ತಿಂಗಳಾಗಲು ಇನ್ನೂ ಕೆಲವು ವಾರ ಬಾಕಿ ಇತ್ತು. ಎರಡು ತಿಂಗಳ ನೋಟಿಸ್ ಅವಧಿ ಅದನ್ನು ದಾಟುವಂತೆ ತಾರೀಖು ಹೊಂದಿಸಿದೆ. ಹೊಸಬರು ಒಂದೇ ತಿಂಗಳಲ್ಲಿ ಬನ್ನಿ ಅಂತ ಅವಸರ ಮಾಡಿದರು, ನೋಟಿಸಿನ ಹಣ ನಾವೇ ಕಟ್ಟುತ್ತೇವೆ ಅಂತಲೂ ಅಂದರು. ನಾನು ಜಗ್ಗಲಿಲ್ಲ. ಹನ್ನೊಂದು ವರ್ಷದ ಲೆಕ್ಕದಲ್ಲಿ 1,81,500 ಬಂತು. ಐದು ವರ್ಷ ತುಂಬಲು ನಾಲ್ಕಾರು ತಿಂಗಳಿರುವಾಗ ಬಿಟ್ಟು ಪೂರ್ತಿ ಗ್ರ್ಯಾಚ್ಯುಟಿಯನ್ನೇ ಕಳೆದುಕೊಂಡವರನ್ನು ಪೀಣ್ಯದಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ.

ಉಳಿದದ್ದು ಕಾಗದದ ಕೆಲಸ. ಪಿಎಫ್ ತೆಗೆಯದೆ ವರ್ಗಾಯಿಸಿದೆ. ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ಆಗಿದೆ, ಅದು ಕೈಬಿಡಬಾರದು. ಹಳೆ ಕಂಪನಿ ನನ್ನ ಪಿಎಫ್ ನಂಬರ್ ಯುಎಎನ್‌ನಲ್ಲಿ ಡೇಟ್ ಆಫ್ ಎಕ್ಸಿಟ್ ಹಾಕುವ ತನಕ ಎಚ್‌ಆರ್ ಬೆನ್ನು ಬಿಡಲಿಲ್ಲ. ವರ್ಷದ ಮಧ್ಯೆ ಸೇರುವವರು ಹಳೆ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಬೇಕು. ಇಲ್ಲದಿದ್ದರೆ ಎರಡೂ ಕಡೆ ವಿನಾಯಿತಿ ಹಿಡಿದು, ಜುಲೈನಲ್ಲಿ ರಿಟರ್ನ್ ಹಾಕುವಾಗ ತೆರಿಗೆ ಬಾಕಿ ಎದುರಿಗೆ ನಿಲ್ಲುತ್ತದೆ.

ಹೋದಮೇಲೆ ಏನಾಯಿತು ಅಂತ ಕೇಳುತ್ತಾರೆ. ಮೊದಲ ವರ್ಷ ವೇರಿಯಬಲ್ ಪೂರ್ತಿ ಬರಲಿಲ್ಲ. ಭಾನುವಾರಗಳು ಟೀ ಅಂಗಡಿಯವರು ಹೇಳಿದ್ದಕ್ಕಿಂತ ಹೆಚ್ಚೇ ಹೋದವು. ಫಸ್ಟ್ ಆರ್ಟಿಕಲ್ ರಿಪೋರ್ಟ್ ಈಗ ಒಬ್ಬನೇ ಕೂತು ಮುಗಿಸುತ್ತೇನೆ.

ಹಳೆ ಕಂಪನಿಯಲ್ಲಿ ನಮ್ಮ ಸಾಲಿನಲ್ಲೇ ಸಿಎನ್‌ಸಿ ಸೆಟ್ಟರ್ (ಕಂಪ್ಯೂಟರ್ ನಡೆಸುವ ಮಷೀನನ್ನು ಕೆಲಸಕ್ಕೆ ಹೊಂದಿಸುವವರು) ಆಗಿದ್ದ ಅಣ್ಣ ಒಬ್ಬರಿದ್ದಾರೆ, ಹಾಸನ ಕಡೆಯವರು, 52 ವಯಸ್ಸು. ಅವರಿಗೂ ಅದೇ ಏರೋಸ್ಪೇಸ್ ಪಾರ್ಕಿನಿಂದ ಕರೆ ಬಂದಿತ್ತು. ನನ್ನ ಪಟ್ಟಿಯನ್ನೇ ಇಟ್ಟುಕೊಂಡು ಕೂತು ಲೆಕ್ಕ ಹಾಕಿ, ಉಳಿದುಕೊಂಡರು. ಅವರದು ಬೇರೆಯೇ ಲೆಕ್ಕ: ನಿವೃತ್ತಿಗೆ ಆರು ವರ್ಷ, ಹೊಸ ಕಡೆ ಗ್ರ್ಯಾಚ್ಯುಟಿಗೆ ಐದು ವರ್ಷ ಮತ್ತೆ ಮೊದಲಿಂದ. ಅವರು ಕಾರ್ಮಿಕ ವರ್ಗದವರು. ಕಂಪನಿಯೇ ತೆಗೆದರೆ ಕಾನೂನಿನಂತೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ ಕೊಡಬೇಕು, ಗ್ರ್ಯಾಚ್ಯುಟಿ ಬೇರೆ. ತಾವಾಗಿ ಬಿಟ್ಟರೆ ಆ ಪರಿಹಾರ ಇಲ್ಲ. "ಅವರೇ ಕಳಿಸ್ಲಿ ಬಿಡೋ, ನಾನ್ಯಾಕೆ ಪುಕ್ಕಟೆ ಹೋಗ್ಲಿ," ಅಂದರು. ಕಂಪನಿ ಇನ್ನೂ ಕಳಿಸಿಲ್ಲ, ಅವರೂ ಆರಾಮಾಗಿದ್ದಾರೆ.