ಮನೆಯಲ್ಲಿ ಆರ್ಕಿಡ್: ಮೊದಲು ಬೇರು ನೋಡಿ

ಮಲೆನಾಡಿನ ಹಳೇ ಮರಗಳ ಕಾಂಡಕ್ಕೆ ಅಂಟಿಕೊಂಡಿರುವ ಕಾಡು ಆರ್ಕಿಡ್ ಸೀತಾಳೆ ದಂಡೆಯನ್ನು ಗಮನಿಸಿ. ಮಳೆ ಹೊಯ್ಯುವಾಗ ಅದರ ಬೇರು ಪೂರ್ತಿ ತೊಪ್ಪೆ, ಬಿಸಿಲು ಬಂದು ಗಾಳಿ ಬೀಸಿದರೆ ಮತ್ತೆ ಒಣಗುತ್ತದೆ. ಕುಂಡದ ಆರ್ಕಿಡ್‌ಗೂ ಬೇಕಾದ್ದು ಅದೇ: ಚೆನ್ನಾಗಿ ನೆನೆಯಬೇಕು, ಬೇಗ ಆರಬೇಕು. ಮಣ್ಣಿನಲ್ಲಿ ನೆಟ್ಟರೆ ನೆನೆಯುತ್ತದೆ, ಆರುವುದಿಲ್ಲ. ಗಾಳಿಯಾಡದೆ ಬೇರು ಕೊಳೆಯುತ್ತದೆ. (ಸೀತಾಳೆಯನ್ನು ಕಾಡಿನಿಂದ ಕಿತ್ತು ತರಬೇಡಿ, ಮರ ಬಿಟ್ಟು ಬಂದ ಗಿಡ ಕುಂಡದಲ್ಲಿ ಉಳಿಯುವುದೂ ಕಷ್ಟ.)

ಮೊದಲ ಗಿಡಕ್ಕೆ ಡೆಂಡ್ರೋಬಿಯಂ ಹೈಬ್ರಿಡ್ ತನ್ನಿ. ಕರಾವಳಿಯ ಸೆಕೆಗೂ ಬೆಂಗಳೂರಿನ ಹವೆಗೂ ಹೊಂದಿಕೊಳ್ಳುತ್ತದೆ. ಅಗಲ ಎಲೆಯ ಫೆಲನಾಪ್ಸಿಸ್ ಕಿಟಕಿ ಪಕ್ಕದಲ್ಲೇ ಬೆಳೆಯುತ್ತದೆ, ಆದರೆ ಮತ್ತೆ ಹೂ ಬಿಡಲು ಕೆಲವು ವಾರ ತಂಪು ರಾತ್ರಿಗಳು ಬೇಕು. ಬೆಂಗಳೂರಿನ ನವೆಂಬರ್–ಜನವರಿಯಲ್ಲಿ ಅದು ತಾನಾಗಿ ಸಿಗುತ್ತದೆ, ಮಂಗಳೂರಿನಲ್ಲಿ ಕಷ್ಟ. ವಾಂಡಾಗೆ ದಿನಾ ನೀರು ಬೇಕು, ಮೊದಲ ವರ್ಷಕ್ಕೆ ಬೇಡ.

ಪಕ್ಕದಲ್ಲೂ ತೂತಿರುವ 5–6 ಇಂಚಿನ ಮಣ್ಣಿನ ಕುಂಡ ಸಾಕು. ತಳದ ಮೂರನೇ ಒಂದು ಭಾಗಕ್ಕೆ ಒಡೆದ ಹಂಚಿನ ದೊಡ್ಡ ಚೂರು. ಮೇಲೆ ಒಂದಿಂಚು ಗಾತ್ರದ ಕಟ್ಟಿಗೆ ಇದ್ದಿಲು ಎರಡು ಪಾಲು, ತೆಂಗಿನ ಸಿಪ್ಪೆಯ ತುಂಡು ಒಂದು ಪಾಲು. ಸಿಪ್ಪೆಯನ್ನು ಮೂರು ದಿನ, ದಿನಾ ನೀರು ಬದಲಿಸುತ್ತಾ ನೆನೆಹಾಕಿ ಕಂದು ಒಗರು ಬಿಡಿಸಿ. ತೆಂಗಿನ ನಾರಿನ ಪುಡಿ ಬೇಡವೇ ಬೇಡ, ಅದು ಸ್ಪಂಜಿನಂತೆ ನೀರು ಹಿಡಿದಿಡುತ್ತದೆ. ಗಿಡದ ಬುಡ ಹೂತುಹೋಗದೆ ಮೇಲೆಯೇ ಕೂರಬೇಕು. ಕಡ್ಡಿಗೆ ಕಟ್ಟಿ ನಿಲ್ಲಿಸಿ: ಗಿಡ ಅಲುಗಾಡಿದರೆ ಹೊಸ ಬೇರಿನ ಎಳೆ ತುದಿ ಮುರಿಯುತ್ತದೆ. ಅಂಗಡಿಯಿಂದ ತಂದ ಗಿಡದ ಬೇರಿನ ನಡುವೆ ಪಾಚಿಯ ಗಟ್ಟಿ ಉಂಡೆ ಇರುವುದುಂಟು. ಹೂ ಉದುರಿದ ಮೇಲೆ ಅದನ್ನು ಬಿಡಿಸಿ ತೆಗೆಯಿರಿ.

ನೀರು ಯಾವಾಗ ಎಂದು ಬೇರಿನ ಬಣ್ಣವೇ ಹೇಳುತ್ತದೆ. ಒಣಗಿದ ಬೇರು ಬೂದಿ ಬಣ್ಣದ್ದು. ಅದರ ಮೇಲೆ ಒಂದು ಹನಿ ನೀರು ಬಿಡಿ, ನೋಡನೋಡುತ್ತಲೇ ಆ ಜಾಗ ಹಸಿರಾಗುತ್ತದೆ. ಬೇರು ಹಸಿರಾಗಿದ್ದರೆ ಇಂದು ನೀರು ಬೇಡ, ಬೂದಿಯಾಗಿದ್ದರೆ ಕೊಡಿ. ಇದ್ದಿಲಿನ ಕುಂಡದ ಡೆಂಡ್ರೋಬಿಯಂಗೆ ಬೇಸಿಗೆಯಲ್ಲಿ ಹೆಚ್ಚುಕಡಿಮೆ ದಿನಾ, ಚಳಿಗಾಲದಲ್ಲಿ ವಾರಕ್ಕೆ ಎರಡು-ಮೂರು ಸಲ ಬೇಕಾದೀತು. ಬೆಳಗ್ಗೆಯೇ, ತಳದಿಂದ ಸುರಿಯುವಷ್ಟು ಹಾಕಿ. ಕೆಳಗೆ ತಟ್ಟೆ ಇಡಬೇಡಿ. ಫೆಲನಾಪ್ಸಿಸ್‌ನ ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಹತ್ತಿಯಿಂದ ಒರೆಸಿ, ಸುಳಿ ಕೊಳೆತರೆ ಗಿಡ ಉಳಿಯುವುದು ಅಪರೂಪ.

ಬೆಳಕಿನ ಲೆಕ್ಕ ಎಲೆಯಲ್ಲಿದೆ. ಕಡು ಹಸಿರಾದರೆ ಬೆಳಕು ಸಾಲದು, ಹೂ ಬಾರದು. ತಿಳಿ ಹಸಿರು ಸರಿ. ಬಿಳಚಿ ಒಣಗಿದ ಮಚ್ಚೆ ಎಂದರೆ ಬಿಸಿಲಿಗೆ ಸುಟ್ಟಿದೆ. ಪೂರ್ವದ ಬಾಲ್ಕನಿ ಒಳ್ಳೆಯದು. ತಾರಸಿಯಾದರೆ ಡೆಂಡ್ರೋಬಿಯಂಗೆ ಶೇ. 50ರ ನೆರಳು ಬಲೆ, ಫೆಲನಾಪ್ಸಿಸ್‌ಗೆ ಶೇ. 75ರದ್ದು.

ಗೊಬ್ಬರಕ್ಕೆ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲಿರುವ, ನೀರಿನಲ್ಲಿ ಕರಗುವ ಪುಡಿ), ಲೀಟರ್ ನೀರಿಗೆ 1 ಗ್ರಾಂ, ಹೊಸ ಚಿಗುರು ಬರುವ ಕಾಲದಲ್ಲಿ ವಾರಕ್ಕೊಮ್ಮೆ, ಮೊದಲು ಬೇರು ಒದ್ದೆ ಮಾಡಿ. ತಿಂಗಳಿಗೊಮ್ಮೆ ಬರೀ ನೀರಿನಿಂದ ಕುಂಡ ತೊಳೆಯಿರಿ. ಬೋರ್‌ವೆಲ್ ನೀರಿದ್ದಲ್ಲಿ ಇದು ತಪ್ಪಬಾರದು, ಕುಂಡದ ಅಂಚಿನ ಬಿಳಿ ಪದರ ಉಪ್ಪಿನದು, ಅದರಿಂದ ಬೇರಿನ ತುದಿ ಕಪ್ಪಾಗಬಹುದು. ಮಳೆನೀರು ಹಿಡಿದಿಟ್ಟರೆ ಇನ್ನೂ ಚೆನ್ನ. ಸಗಣಿ ಗೊಬ್ಬರ ಹಾಕಬೇಡಿ, ಇದ್ದಿಲಿನ ಸಂದು ಮುಚ್ಚಿಹೋಗುತ್ತದೆ.

ಡೆಂಡ್ರೋಬಿಯಂನ ಹಳೇ ದಂಟು ಎಲೆ ಉದುರಿಸಿ ಬೋಳಾಗಿ ನಿಂತರೆ ಸತ್ತಿತೆಂದು ಕತ್ತರಿಸುವವರೇ ಜಾಸ್ತಿ. ಹಸಿರಾಗಿ ಗಟ್ಟಿಯಾಗಿದ್ದರೆ ಬಿಡಿ, ಅದು ಹೊಸ ಮೊಳಕೆಗೆ ಆಹಾರದ ಉಗ್ರಾಣ. ಕೆಲವೊಮ್ಮೆ ಅದರಲ್ಲೇ ಮತ್ತೆ ಹೂವೂ ಬರುತ್ತದೆ.

ಎಲೆ ಸುಕ್ಕಾಗಿದ್ದರೆ ಒಡನೆ ನೀರು ಸುರಿಯಬೇಡಿ. ಕುಂಡದಿಂದ ತೆಗೆದು ಬೇರು ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಬಾಯಾರಿಕೆ. ಸಿಪ್ಪೆ ಜಾರಿ ಒಳಗಿನ ದಾರವಷ್ಟೇ ಕೈಗೆ ಬಂದರೆ ಕೊಳೆ. ಬೆಂಕಿಗೆ ಹಿಡಿದು ಆರಿಸಿದ ಬ್ಲೇಡಿನಿಂದ ಮೆತ್ತಗಿನದೆಲ್ಲ ಕತ್ತರಿಸಿ, ಗಾಯಕ್ಕೆ ಮಾತ್ರ ದಾಲ್ಚಿನ್ನಿ ಪುಡಿ ಹಚ್ಚಿ, ಹೊಸ ಇದ್ದಿಲಿನಲ್ಲಿ ಕೂರಿಸಿ, ಮೂರು ದಿನ ನೀರು ಬಿಡಬೇಡಿ. ಎಲೆ ಬುಡದಲ್ಲಿ ಹತ್ತಿಯಂತೆ ಹಿಟ್ಟು ತಿಗಣೆ ಕಂಡರೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೊಮ್ಮೆ. ಮಳೆಗಾಲದಲ್ಲಿ ಬೇರಿನ ತುದಿ ರಾತ್ರೋರಾತ್ರಿ ಮಾಯವಾದರೆ ಒಂಬತ್ತು ಗಂಟೆ ಮೇಲೆ ಟಾರ್ಚ್ ಹಿಡಿದು ಕುಂಡದ ತಳ ನೋಡಿ, ಬಸವನಹುಳು ಅಲ್ಲೇ ಇರುತ್ತದೆ.